ಶೇರಿನವನೋ, ಛಾಪಾ ಕಾಗದದವನೋ?

ಸೋನಿ ಲಿವ್‌ನಲ್ಲಿ ಎರಡು ಹಿಂದಿ ವೆಬ್ ಸರಣಿ: ಶೇರು ಪೇಟೆ ಹಗರಣದ ಹರ್ಷದ್ ಮೆಹ್ತಾನ ಕತೆ 'ಸ್ಕ್ಯಾಮ್ 1992', ನಕಲಿ ಛಾಪಾ ಕಾಗದದ ತೆಲಗಿಯ ಕತೆ 'ಸ್ಕ್ಯಾಮ್ 2003'. ಯಾವುದನ್ನು ಮೊದಲು ನೋಡೋದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆಲಗಿಗೆ. 'ಸ್ಕ್ಯಾಮ್ 1992' ಚೆನ್ನಾಗಿಲ್ಲ ಅಂತಲ್ಲ. ಹರ್ಷದ್ ಮೆಹ್ತಾ ಆಗಿ ಪ್ರತೀಕ್ ಗಾಂಧಿ ಮಾತಿಗೆ ಕೂತರೆ ನನ್ನ ಕೈಯೇ ಕಿಸೆಗೆ ಹೋಗುತ್ತಿತ್ತು. ಆದರೆ ಬ್ಯಾಂಕ್ ರಸೀದಿ, ರೆಡಿ ಫಾರ್ವರ್ಡ್ ಅಂತ ಬ್ಯಾಂಕು ಬ್ಯಾಂಕುಗಳ ನಡುವಿನ ವ್ಯವಹಾರ ಶುರುವಾದಾಗ ಎರಡೆರಡು ಸಲ ಹಿಂದೆ ಹಾಕಿ ನೋಡಬೇಕಾಯಿತು. ಅಷ್ಟರಲ್ಲಿ ಅಮ್ಮನಿಗೆ ನಿದ್ದೆ.

'ಸ್ಕ್ಯಾಮ್ 2003' ನೋಡುವಾಗ ಆ ತಾಪತ್ರಯ ಇಲ್ಲ. ಛಾಪಾ ಕಾಗದ ಯಾರಿಗೆ ಗೊತ್ತಿಲ್ಲ? ಮೇಲಾಗಿ ಅಬ್ದುಲ್ ಕರೀಂ ತೆಲಗಿ ಖಾನಾಪುರದವನು. ಕಾರವಾರದಿಂದ ಜೋಯಿಡಾ, ರಾಮನಗರ ದಾಟಿ ಹೋಗುವ ನಮಗೆ ಖಾನಾಪುರ ಅಂದರೆ ಇನ್ನೇನು ಬೆಳಗಾವಿ ಬಂತು ಅಂತ ಚಪ್ಪಲಿ ಹುಡುಕುವ ಸ್ಟಾಪು. ರೈಲಿನಲ್ಲಿ ಹಣ್ಣು ಮಾರುತ್ತಿದ್ದ ಅಲ್ಲಿನ ಹುಡುಗ, ನಾಸಿಕದ ಸರ್ಕಾರಿ ಮುದ್ರಣಾಲಯದ ಯಂತ್ರಗಳನ್ನೇ ಗುಜರಿ ಲೆಕ್ಕದಲ್ಲಿ ಹೊಡೆದುಕೊಂಡ! ನಮ್ಮ ಮಾವ ಬಾಂಡ್ ರೈಟರ್ ಆಗಿದ್ದವರು. ಆ ಸೀನಿಗೆ ಟಿವಿ ನಿಲ್ಲಿಸಲು ಹೇಳಿದರು. "ಮುಟ್ಟಿದರೆ ಅಸಲಿ ಯಾವುದು ಗೊತ್ತಾಗ್ತದೆ ಅಂತಿದ್ದೆ ಮಾರಾಯ. ಮಷಿನ್ನೇ ಅಸಲಿ ಆದ್ರೆ ಎಂತ ಗೊತ್ತಾಗೋದು?"

ಈಗ ನನ್ನ ಗೋಳು. 1992ರ ಹತ್ತೂ ಕಂತು 2020ರಲ್ಲಿ ಒಟ್ಟಿಗೇ ಬಂದಿದ್ದವು. ಒಂದು ತಿಂಗಳ ಪ್ಯಾಕ್, ಒಂದು ವಾರದಲ್ಲಿ ಕತೆ ಮುಗೀತು. ಅದೇ ಲೆಕ್ಕದಲ್ಲಿ 2023ರ ಸೆಪ್ಟೆಂಬರ್ 1ಕ್ಕೆ ಮತ್ತೆ ತಿಂಗಳ ಪ್ಯಾಕ್ ಹಾಕಿಸಿದೆ. ಎರಡು ರಾತ್ರಿಗೆ ಐದು ಕಂತು ಮುಗಿಸಿ ಆರನೆಯದನ್ನು ಹುಡುಕಿದರೆ, ಇಲ್ಲ. ಉಳಿದದ್ದು ಆಮೇಲೆ ಅಂತೆ. ಬರೋದು ಐದೇ ಕಂತು ಅಂತ ದುಡ್ಡು ಕಟ್ಟುವ ಮುಂಚೆ ನಾನೂ ನೋಡಿಕೊಳ್ಳಲಿಲ್ಲ, ತಪ್ಪು ನನ್ನದೂ ಇದೆ.

ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದೆ. ಚೌತಿ ಬಂತು, ಮನೆ ತುಂಬ ನೆಂಟರು, ಟಿವಿ ಮಕ್ಕಳ ಕೈಗೆ. ಪ್ಯಾಕ್ ಸುಮ್ನೆ ಮುಗಿದುಹೋಯಿತು. ಉಳಿದ ಐದು ಬಂದದ್ದು ನವೆಂಬರ್ 3ಕ್ಕೆ. ಒಂದೇ ಕತೆಗೆ ಎರಡು ಸಲ ದುಡ್ಡು! ಆ ದುಡ್ಡಿಗೆ ಎರಡು ದಿನದ ಬಂಗಡೆ ಮೀನು ಬರುತ್ತಿತ್ತು. ಅದಕ್ಕಿಂತ ಬೇಜಾರು ಅಂದರೆ, ಎರಡು ತಿಂಗಳಲ್ಲಿ ಯಾವ ಪೊಲೀಸ್ ಯಾರ ಕಡೆಯವನು ಅನ್ನೋದೇ ಮರೆತುಹೋಗಿತ್ತು. ಮತ್ತೆ ನಾಲ್ಕನೇ ಕಂತಿನಿಂದ ನೋಡಿದೆವು.

ಎರಡನೇ ಭಾಗ ಸ್ವಲ್ಪ ಎಳೆಯುತ್ತದೆ, ನಿಜ. ಟೈಟಲ್ ಮ್ಯೂಸಿಕ್‌ನಲ್ಲಿ ಹರ್ಷದನೇ ಗೆದ್ದ, ಮಾತೇ ಇಲ್ಲ. ಬೈಗುಳ ಎರಡರಲ್ಲೂ ಇದೆ. ತೆಲಗಿಯ ಡಾನ್ಸ್ ಬಾರ್ ಬಂದಾಗ ಅಮ್ಮ ಅಡುಗೆಮನೆಗೆ ಎದ್ದು ಹೋದಳು. ಆದರೂ ತೆಲಗಿ ಆಗಿರುವ ಗಗನ್ ದೇವ್ ರಿಯಾರ್‌ಗಾಗಿ ನಾನು ಇನ್ನೊಮ್ಮೆ ನೋಡುತ್ತೇನೆ. ಪ್ರತೀಕ್ ಗಾಂಧಿ ಹೀರೋ ಹಾಗೆ ಕಾಣುತ್ತಾನೆ. ಇವನು ಬಸ್ಸಿನಲ್ಲಿ ಪಕ್ಕದ ಸೀಟಿನವನ ಹಾಗೆ. ಊರು ಯಾವುದು ಅಂತ ಕೇಳಿ, ಇಳಿಯೋದರೊಳಗೆ ಏನೋ ಮಾರಿಯೇ ಹೋಗುವಂಥವನು.

ಶೇರು ಗೀರು ತಿಳಿದವರು 1992ರಿಂದಲೇ ಶುರು ಮಾಡಿ. ನನ್ನ ಹಾಗೆ ತಿಂಗಳ ಪ್ಯಾಕಿನವರಾದರೆ ಹಬ್ಬ ಇಲ್ಲದ ತಿಂಗಳು ನೋಡಿ ಹಾಕಿಸಿ, ತೆಲಗಿಯನ್ನು ಮೊದಲು ಮುಗಿಸಿ. ದಿನ ಉಳಿದರೆ ಹರ್ಷದ್. ಮಾವನಿಗೆ ಉಳಿದ ದಿನಗಳಲ್ಲಿ ಅದನ್ನೇ ಹಚ್ಚಿಕೊಟ್ಟೆ. ಮೂರು ಕಂತು ನೋಡಿ ಕೇಳಿದರು, "ಇದರಲ್ಲಿ ನಾಸಿಕ ಯಾವಾಗ ಬರ್ತದೆ?"