ಗೋಲ್ಡನ್ ರೇಶಿಯೋ ಕೈವಾರ: ಲೇತ್ ಪಕ್ಕದಲ್ಲಿ ಕೆಲವು ವರ್ಷ ಇಟ್ಟುಕೊಂಡ ಮೇಲೆ

ಮರ ಕಡೆಯುವವರಿಗೆ ಅಂತಲೇ ಆನ್‌ಲೈನ್‌ನಲ್ಲಿ ಮೂರು ಮೊನೆಯ ಒಂದು ಕೈವಾರ ಸಿಗುತ್ತದೆ. ಎರಡು ಉದ್ದ ಸ್ಟೀಲ್ ಕಾಲು, ನಡುವೆ ಇನ್ನೊಂದು ಕಾಲು, ಅದನ್ನು ಹಿಡಿದುಕೊಳ್ಳುವ ಗಿಡ್ಡ ಪಟ್ಟಿ, ನಾಲ್ಕು ಸ್ಕ್ರೂ. ಅಷ್ಟೇ. ಎಷ್ಟು ಅಗಲಿಸಿದರೂ ನಡುವಿನ ಮೊನೆ ಒಟ್ಟು ಅಳತೆಯನ್ನು ಸುವರ್ಣ ಅನುಪಾತದಲ್ಲೇ ಒಡೆಯುತ್ತದೆ: ಒಂದು ಕಡೆ 0.618, ಇನ್ನೊಂದು ಕಡೆ 0.382. ದೊಡ್ಡ ಭಾಗ ಚಿಕ್ಕದರ 1.618 ಪಟ್ಟು, ಇಡೀ ಉದ್ದ ದೊಡ್ಡ ಭಾಗದ 1.618 ಪಟ್ಟು.

ನಾನು ಇದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಭರಣಿ, ಹೂದಾನಿ, ಬಟ್ಟಲು, ದೀಪದ ಕಂಬ, ಎಲ್ಲದಕ್ಕೂ. ತುಂಬಾ ಇಷ್ಟಪಟ್ಟು ಇಟ್ಟುಕೊಂಡಿದ್ದೇನೆ. ಆದರೆ ಡಬ್ಬಿಯ ಮೇಲೆ ಬರೆದಿರುವ ಕಾರಣಕ್ಕಲ್ಲ.

ಡಬ್ಬಿಯ ಮೇಲೆ ಏನಿದೆ ಅಂದರೆ, ಗ್ರೀಸಿನ ಪಾರ್ಥೆನಾನ್ ಈ ಲೆಕ್ಕದಲ್ಲೇ ಕಟ್ಟಿದ್ದು, ನಾಟಿಲಸ್ ಶಂಖ ಈ ಲೆಕ್ಕದಲ್ಲೇ ಬೆಳೆಯೋದು, ಅಂತ. ಪಾರ್ಥೆನಾನ್ ಕಟ್ಟಿದವರು ಹಾಗೆ ಅಳೆದರು ಅನ್ನೋದಕ್ಕೆ ಯಾವ ದಾಖಲೆಯೂ ಇಲ್ಲ. ನಾಟಿಲಸ್ ಒಂದು ಸುತ್ತಿಗೆ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಗೋಲ್ಡನ್ ಸುರುಳಿ ಆಗಿದ್ದರೆ 6.85 ಪಟ್ಟು ಹಿಗ್ಗಬೇಕಿತ್ತು. ಸೂರ್ಯಕಾಂತಿ ಹೂವಿನ ಬೀಜದ ಸಾಲು ಎಣಿಸಿದರೆ ಸಾಮಾನ್ಯವಾಗಿ 34, 55 ಇಂಥ ಸಂಖ್ಯೆ ಸಿಗೋದು ಮಾತ್ರ ನಿಜ. ಇವು ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಬರುವ ಸಾಲಿನವು, ಅಕ್ಕಪಕ್ಕದ ಎರಡರ ಅನುಪಾತ ಸುಮಾರು 1.618. ಈ ಸಾಲಿಗೆ ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರು ಬಂದದ್ದು ಅವನ 1202ರ ಪುಸ್ತಕದಿಂದ. ಅದಕ್ಕೂ ಮೊದಲೇ ನಮ್ಮ ಛಂದಸ್ಸಿನವರು, ಹೇಮಚಂದ್ರ ಸೇರಿದಂತೆ, ಲಘು ಗುರು ಜೋಡಿಸುವ ಲೆಕ್ಕದಲ್ಲಿ ಇದೇ ಸಾಲು ಕಂಡುಕೊಂಡಿದ್ದರು. ಡಬ್ಬಿಯಲ್ಲಿ ಅದರ ಸುದ್ದಿಯೇ ಇಲ್ಲ!

ಕೆಲಸಕ್ಕೆ ಬರೋಣ. ಈ ಕೈವಾರ ನಿಜವಾಗಿ ನೆರವಾಗುವುದು ಮುಚ್ಚಳದ ಭರಣಿಗೆ. ಒಟ್ಟು 110 ಮಿಲಿಮೀಟರ್ ಎತ್ತರ ಅಂದುಕೊಳ್ಳಿ. ಕೈವಾರ ಇಟ್ಟರೆ ಕೆಳಗೆ 68, ಮೇಲೆ 42. ಪೆನ್ಸಿಲ್ ಗೆರೆ ಹಾಕಿ, ಲೇತ್ ಓಡಿಸಿದರೆ ಗೆರೆ ಸುತ್ತಲೂ ಬರುತ್ತದೆ. ಅರ್ಧಕ್ಕರ್ಧ ಒಡೆದ ಭರಣಿ ಎರಡು ಬಟ್ಟಲು ಮುಖಾಮುಖಿ ಇಟ್ಟ ಹಾಗೆ ಕಾಣುತ್ತದೆ. 68, 42 ಅಂತ ಒಡೆದರೆ ಯಾವುದು ಪಾತ್ರೆ, ಯಾವುದು ಮುಚ್ಚಳ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಆದರೆ ಏನನ್ನು ಅಳೆಯಬೇಕು ಅಂತ ಕೈವಾರ ಹೇಳುವುದಿಲ್ಲ. ಬಳಸುತ್ತಾ ಬಳಸುತ್ತಾ ನನಗೆ ಮನದಟ್ಟಾದ ದೊಡ್ಡ ವಿಷಯ ಇದೇ. ಮುಚ್ಚಳದ ಮೇಲೆ 16 ಮಿಲಿಮೀಟರ್ ಹಿಡಿ ಇದೆ ಅನ್ನಿ. ಅದನ್ನೂ 110ರೊಳಗೆ ಸೇರಿಸಿದರೆ ಮುಚ್ಚಳಕ್ಕೆ ಉಳಿಯುವುದು 26. ಹಿಡಿ ದಪ್ಪಗೆ, ಗುಂಡಗೆ ಇದ್ದರೆ ಪರವಾಗಿಲ್ಲ, ಕಣ್ಣು ಅದನ್ನೂ ಮುಚ್ಚಳಕ್ಕೆ ಸೇರಿಸಿಕೊಳ್ಳುತ್ತದೆ. ಸಣ್ಣ ಮೊಗ್ಗಿನಂಥ ಹಿಡಿಯಾದರೆ ಕಣ್ಣು ಅದನ್ನು ಲೆಕ್ಕಕ್ಕೇ ಹಿಡಿಯಲ್ಲ, ಮುಚ್ಚಳ ಒತ್ತಿಬಿಟ್ಟ ಹಾಗೆ ಕಾಣುತ್ತದೆ. ನಾನೀಗ ದಪ್ಪ ಹಿಡಿ ಇದ್ದರೆ ಸೇರಿಸಿ, ತೆಳ್ಳಗಿದ್ದರೆ ಬಿಟ್ಟು ಅಳೆಯುತ್ತೇನೆ.

ಇನ್ನೊಂದು. ಒಂದೇ ತುಂಡಿನಲ್ಲಿ ಭರಣಿ, ಮುಚ್ಚಳ ಎರಡೂ ಕಡೆಯುವವರು ಗೆರೆ ಹಾಕುವ ಮುಂಚೆ ಕಳೆಯಬೇಕಾದ್ದು ಕಳೆಯಿರಿ. ಕತ್ತರಿಸುವ ಉಳಿ 3 ಮಿಲಿಮೀಟರ್ ತಿನ್ನುತ್ತದೆ. ಮುಚ್ಚಳ ಕೂರುವ ಕಂಠಕ್ಕೆ ಇನ್ನೊಂದು 10 ಬೇಕು. ಮುಚ್ಚಿದ ಮೇಲೆ 110 ಇರಬೇಕಾದರೆ ತುಂಡಿನಲ್ಲಿ 123 ಇರಬೇಕು. ಆ 13ನ್ನು ಎರಡು ಗೆರೆಗಳ ನಡುವೆ ಬಿಟ್ಟು, ಮೇಲೆ 42, ಕೆಳಗೆ 68 ಅಂತ ಗುರುತು ಮಾಡಿ.

ಚನ್ನಪಟ್ಟಣದಲ್ಲಿ ನನಗೆ ಅರಗಿನ ಕೆಲಸ ಹೇಳಿಕೊಟ್ಟ ಹಿರಿಯರಿಗೆ ಒಂದು ಕುಂಕುಮದ ಭರಣಿ ತೋರಿಸಿದೆ. ಅವರು ಅಳತೆಯ ಬಗ್ಗೆ ಕೇಳಲೇ ಇಲ್ಲ. ಮುಚ್ಚಳಕ್ಕೆ ಬೆರಳು ಹಾಕಿ ತೆಗೆದು, "ಒದ್ದೆ ಕೈಯಲ್ಲಿ ಇದು ಜಾರುತ್ತಲ್ವಾ?" ಅಂದರು. ಅವರ ಹತ್ತಿರ ಇರುವುದು ಮರದ ಒಂದು ಅಳತೆ ಕಡ್ಡಿ. ಬಳೆಯಂಥ ಉಬ್ಬು, ಗೆರೆ, ಸೊಂಟದಂಥ ತಗ್ಗು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಕಚ್ಚು ಹಾಕಿಟ್ಟಿದ್ದಾರೆ. ಒಂದೇ ನಮೂನೆ ನೂರಾರು ಮಾಡುವವರಿಗೆ ಅದೇ ಸರಿ. ಕೈವಾರ ಬೇಕಾಗುವುದು ಹೊಸ ನಮೂನೆ ಯೋಚಿಸುವಾಗ.

ಅರಗಿನ ಪಟ್ಟೆಗಳಿಗೂ ಇದು ಚೆನ್ನಾಗಿ ಒದಗುತ್ತದೆ. ಹೂದಾನಿಯ ಎತ್ತರದಲ್ಲಿ 0.618ಕ್ಕೆ ಒಂದು ಕೆಂಪು ಪಟ್ಟೆ, ಉಳಿದ ಮೇಲ್ಭಾಗವನ್ನು ಮತ್ತೆ ಹಾಗೇ ಒಡೆದು ಒಂದು ಸಣ್ಣ ಹಳದಿ ಗೆರೆ. ಎರಡು ಅಳತೆಗೂ ಒಂದೇ ಸಂಬಂಧ ಇರೋದರಿಂದ ಪಟ್ಟೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇಲ್ಲೊಂದು ಎಚ್ಚರಿಕೆ: ಅರಗಿನ ಕೆಲಸಕ್ಕೆ ಬಳಸುವ ಹಾಲೆ ಮರ ಮೆತ್ತಗಿರುತ್ತದೆ, ಕೈವಾರದ ಮೊನೆ ಚೂಪು. ಗೀರು ಬಿದ್ದರೆ ತಿಳಿ ಬಣ್ಣದ ಅರಗಿನ ಕೆಳಗೆ ಅದು ಕಾಣುತ್ತದೆ. ನಾನು ಮೂರೂ ಮೊನೆಗಳನ್ನು ಸಾಣೆಕಲ್ಲಿಗೆ ತಾಗಿಸಿ ಸ್ವಲ್ಪ ಮೊಂಡು ಮಾಡಿಕೊಂಡೆ. ತಿರುಗುತ್ತಿರುವ ಮರಕ್ಕಂತೂ ಇದನ್ನು ತಾಗಿಸಲೇಬೇಡಿ, ಲೇತ್ ನಿಲ್ಲಿಸಿ ಅಳೆಯಿರಿ.

ಬಟ್ಟಲಿನ ವಿಷಯಕ್ಕೆ ಬಂದರೆ ನನಗೆ ಇದು ಅಷ್ಟಾಗಿ ಒಗ್ಗಲಿಲ್ಲ. 210 ಮಿಲಿಮೀಟರ್ ಬಾಯಿಯ ಹಲಸಿನ ಬಟ್ಟಲಿಗೆ ಕೈವಾರದ ಪ್ರಕಾರ ಪಾದದ ಅಗಲ 80 ಬರುತ್ತದೆ. ಆಳ ಕಡಿಮೆ ಇದ್ದರೆ ಅದು ಭಾರವಾಗಿ ಕಾಣುತ್ತದೆ. ಮೂರನೇ ಒಂದು ಭಾಗ, ಅಂದರೆ 70 ಮಾಡಿದರೆ ಬಟ್ಟಲು ಮೇಲೆದ್ದು ನಿಂತ ಹಾಗಿರುತ್ತದೆ. ದಿನಾ ಚಟ್ನಿ, ಪಲ್ಯ ಹಾಕೋ ಬಟ್ಟಲಾದರೆ 80ರ ಪಾದವೇ ಒಳ್ಳೇದು, ಬೇಗ ಮಗುಚಲ್ಲ. ಜೊತೆಗೆ ಬಟ್ಟಲನ್ನು ನಾವು ನೋಡುವುದು ಮೇಲಿನಿಂದ. ಪಕ್ಕದಿಂದ ಅಳೆದದ್ದು ಮೇಲಿನಿಂದ ಹಾಗೇ ಕಾಣುವುದಿಲ್ಲ. ಹಸಿ ಮರದಲ್ಲಿ ಕಡೆದರಂತೂ ಒಣಗುವಾಗ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಡಿಮೆ ಕುಗ್ಗಿ ಬಾಯಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಲ್ಲಿ ಮಿಲಿಮೀಟರ್ ಲೆಕ್ಕ ಹಿಡಿದು ಕೂರುವುದರಲ್ಲಿ ಅರ್ಥ ಇಲ್ಲ.

ಬುಗುರಿಗೆ ಇದನ್ನು ಬಳಸಲೇಬೇಡಿ. ಅಲ್ಲಿ ಭಾರ ಎಷ್ಟು ಕೆಳಗಿದೆ ಅನ್ನೋದು ಮುಖ್ಯ, ಚೆಂದ ಆಮೇಲೆ.

ಸಾಮಾನಿನ ಗುಣಮಟ್ಟ: ಸ್ಟೀಲ್ ಗಟ್ಟಿ, ತುಕ್ಕು ಹಿಡಿದಿಲ್ಲ. ಸ್ಕ್ರೂಗಳೇ ತಾಪತ್ರಯ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕೀಲುಗಳು ಸಡಿಲವಾಗಿ, ಅಗಲಿಸಿ ಇಟ್ಟ ಅಳತೆ ಕೈ ತಾಗಿದರೆ ಜರುಗತೊಡಗಿತು. ಮಾರಿದವರಿಗೆ ಬರೆದರೆ ಬಿಡಿ ಸ್ಕ್ರೂ ಕೊಡುವುದಿಲ್ಲ ಅಂದರು. ಈ ಬೆಲೆಗೆ ನಾಲ್ಕು ಸ್ಕ್ರೂ ಕೊಡದಿರುವುದು ತಪ್ಪು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ನೈಲಾನ್ ನಟ್ ತಂದು ಹಾಕಿದೆ. ಆಮೇಲೆ ಗಟ್ಟಿಯಾಗಿ ನಿಂತಿದೆ.

ಕೊಳ್ಳಲೇಬೇಕಾ? ಭರಣಿ, ಕಂಬ, ಹೂದಾನಿ ಆಗಾಗ ಮಾಡುವವರಾದರೆ ಕೊಳ್ಳಿ. ಕೈಗೆ ಬೇಗ ಸಿಗುತ್ತದೆ, ನಾಲ್ಕೈದು ಕಡೆ ಇಟ್ಟು ನೋಡಬಹುದು. ಅಪರೂಪಕ್ಕೆ ಕಡೆಯುವವರಿಗೆ ಒಂದು ಕಾಗದದ ಪಟ್ಟಿ ಸಾಕು. ವಸ್ತುವಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಅರ್ಧಕ್ಕೆ ಮಡಚಿ, ಮತ್ತೆ ಅರ್ಧ, ಮತ್ತೆ ಅರ್ಧ. ಬಿಚ್ಚಿದರೆ ಎಂಟು ಭಾಗ. ಐದನೆಯ ಮಡಿಕೆಗೆ ಗೆರೆ ಹಾಕಿ. 160 ಮಿಲಿಮೀಟರ್ ಉದ್ದದಲ್ಲಿ ಕೈವಾರಕ್ಕೂ ಇದಕ್ಕೂ ಬರುವ ವ್ಯತ್ಯಾಸ ಒಂದು ಮಿಲಿಮೀಟರ್ ಚಿಲ್ಲರೆ. ಸ್ಯಾಂಡ್‌ಪೇಪರ್ ಉಜ್ಜುವಾಗಲೇ ಅಷ್ಟು ಹೋಗುತ್ತದೆ.

ಕೊಳ್ಳುವುದಾದರೆ ಬಂದ ದಿನವೇ ಸ್ಕೇಲ್ ಮೇಲೆ ಇಟ್ಟು ಪರೀಕ್ಷಿಸಿ. ಹೊರಗಿನ ಮೊನೆಗಳನ್ನು 144 ಮಿಲಿಮೀಟರ್‌ಗೆ ಅಗಲಿಸಿದರೆ ನಡುವಿನದು 89ರ ಮೇಲೆ ನಿಲ್ಲಬೇಕು, ಆ ಕಡೆ 55 ಉಳಿಯಬೇಕು. ಪೂರ್ತಿ ಅಗಲಿಸಿಯೂ ಒಮ್ಮೆ, ಕಿರಿದಾಗಿಸಿಯೂ ಒಮ್ಮೆ ಅಳೆದು ನೋಡಿ. ತೂತು ಸರಿಯಾಗಿ ಕೊರೆಯದ ಕೈವಾರ ಒಂದು ಅಳತೆಯಲ್ಲಿ ಸರಿ ತೋರಿಸಿ ಇನ್ನೊಂದರಲ್ಲಿ ತಪ್ಪಬಹುದು. ಹಾಗಿದ್ದರೆ ಸ್ಕ್ರೂ ಬಿಗಿ ಮಾಡಿ ಪ್ರಯೋಜನವಿಲ್ಲ, ವಾಪಸ್ ಕಳಿಸಿ.