ವಮನವೋ ವಿರೇಚನವೋ: ಪಂಚಕರ್ಮಕ್ಕೆ ಹೊರಟವರಿಗೆ

ಮೈ ಶುದ್ಧಿಗೆ ಮಾಡುವ ಐದು ಚಿಕಿತ್ಸೆಗಳೇ ಪಂಚಕರ್ಮ. ಅವುಗಳಲ್ಲಿ ಕಫ ಹೆಚ್ಚಿದವರಿಗೆ ವಮನ (ವಾಂತಿ ಮಾಡಿಸುವುದು), ಪಿತ್ತ ಕೆರಳಿದವರಿಗೆ ವಿರೇಚನ (ಭೇದಿ ಮಾಡಿಸುವುದು) ಎನ್ನುತ್ತದೆ ಆಯುರ್ವೇದ. ಎರಡಕ್ಕೂ ಮುನ್ನ 3ರಿಂದ 7 ದಿನ ಔಷಧೀಯ ತುಪ್ಪ ಕುಡಿಯಬೇಕು. ಆಮೇಲೆ ಎಣ್ಣೆ ತಿಕ್ಕಿ ಬೆವರಿಸುತ್ತಾರೆ.

ಕಠಿಣವಾದದ್ದು ವಮನವೇ. ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ಹಾಲು ಅಥವಾ ಜ್ಯೇಷ್ಠಮಧು ಕಷಾಯ ಕುಡಿಸಿ, ಮದನಫಲದ ಔಷಧ ಕೊಟ್ಟು ವಾಂತಿ ಮಾಡಿಸುತ್ತಾರೆ. ವೈದ್ಯರು ಪಕ್ಕದಲ್ಲೇ ನಿಂತು ನಾಡಿ, ರಕ್ತದೊತ್ತಡ ನೋಡುತ್ತಿರಬೇಕು. ಹೃದ್ರೋಗಿಗಳು ಇದರ ಹತ್ತಿರ ಸುಳಿಯಬಾರದು. ಗರ್ಭಿಣಿಯರಿಗಂತೂ ಎರಡೂ ನಿಷಿದ್ಧ.

ವಿರೇಚನ ಅದಕ್ಕಿಂತ ಸೌಮ್ಯ: ತಿಗಡೆ ಬೇರಿನ ಲೇಹ್ಯ ತಿಂದ ಮೇಲೆ ಕೆಲವು ಗಂಟೆ ಭೇದಿ. ಹಾಗೆಂದು ಮನೆಯಲ್ಲೇ ಮನಬಂದಷ್ಟು ಹರಳೆಣ್ಣೆ ಕುಡಿಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೈಯ ನೀರು, ಲವಣ ಇಳಿದರೆ ತಲೆಸುತ್ತು ಬರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮಲದಲ್ಲಿ ರಕ್ತ ಹೋಗುತ್ತಿದ್ದರೆ ವಿರೇಚನವೂ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮೊದಲೇ ಹೇಳಲೇಬೇಕು: ಊಟವಿಲ್ಲದ ದಿನ ಮಾತ್ರೆಯ ಅದೇ ಪ್ರಮಾಣ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು.

ಮೊದಲ ಬಾರಿಗೆ ಹೋಗುವವರಿಗೆ, ವೈದ್ಯರು ಒಪ್ಪಿದರೆ, ನಾನು ವಿರೇಚನವನ್ನೇ ಹೇಳುತ್ತೇನೆ. ಯಾವುದಾದರೂ ಸರಿ, ಅದು ಮುಗಿದ ಮೇಲೆ ತಿಳಿಗಂಜಿಯಿಂದ ಮಾಮೂಲಿ ಊಟಕ್ಕೆ ಮರಳಲು ಒಂದು ವಾರ ಹಿಡಿಯಬಹುದು. ಅಷ್ಟು ರಜೆ ಸಿಗದಿದ್ದರೆ ಎರಡನ್ನೂ ಮುಂದೂಡಿ. 3 ದಿನಗಳ ರೆಸಾರ್ಟ್ ಪ್ಯಾಕೇಜಿನಲ್ಲಿ ಇವನ್ನು ಮುಗಿಸಲು ಸಾಧ್ಯವಿಲ್ಲ.