ಆಂಟನಿ ಬೀವರ್ ಅವರ ಯುದ್ಧದ ಪುಸ್ತಕಗಳು: ಹ್ಯಾಂಗರ್‌ನಲ್ಲಿ ದುಡಿದವನ ಓದು

ಯುದ್ಧದ ಪುಸ್ತಕ ಎಂದರೆ ಜನರಲ್‌ಗಳ ಜಾಣತನ, ನಕ್ಷೆ ತುಂಬ ಬಾಣದ ಗುರುತು, ಅಷ್ಟೇ ಎಂದು ದೂರ ಇಟ್ಟವರು ಆಂಟನಿ ಬೀವರ್ ಅವರ 'ಸ್ಟಾಲಿನ್‌ಗ್ರಾಡ್' ಓದಿ ನೋಡಬೇಕು. 1998ರಲ್ಲಿ ಬಂದ ಪುಸ್ತಕ. ಎರಡನೇ ಮಹಾಯುದ್ಧದಲ್ಲಿ, 1942-43ರಲ್ಲಿ, ರಷ್ಯಾದ ವೋಲ್ಗಾ ದಡದ ಆ ಊರಿಗಾಗಿ ಜರ್ಮನ್ನರೂ ರಷ್ಯನ್ನರೂ ಕಾದಾಡಿದ ಕತೆ. ನಾನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನಗಳ ಓವರ್‌ಹಾಲ್ ಕೆಲಸ ಮಾಡಿ ರಿಟೈರ್ ಆದವನು. ಒಂದು ಸೈನ್ಯಕ್ಕೆ ದಿನಕ್ಕೆ ಎಷ್ಟು ಬ್ರೆಡ್ ಬೇಕು, ಎಷ್ಟು ಪೆಟ್ರೋಲ್ ಬೇಕು, ಅದನ್ನು ತರುವ ವಿಮಾನ ಆ ಚಳಿಯಲ್ಲಿ ಸ್ಟಾರ್ಟ್ ಆಗುತ್ತದಾ, ಇದನ್ನೆಲ್ಲ ಇಷ್ಟು ಮನಸ್ಸಿಟ್ಟು ಬರೆದ ಇನ್ನೊಬ್ಬ ಇತಿಹಾಸಕಾರ ನನಗೆ ಸಿಕ್ಕಿಲ್ಲ.

ಬೀವರ್ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಅಲ್ಲಿನ ಅಧಿಕಾರಿಗಳನ್ನು ತಯಾರು ಮಾಡುವ ಶಾಲೆ ಸ್ಯಾಂಡ್‌ಹರ್ಸ್ಟ್‌ನಲ್ಲಿ ಇತಿಹಾಸಕಾರ ಜಾನ್ ಕೀಗನ್ ಅವರ ಶಿಷ್ಯ. ಯುದ್ಧದಲ್ಲಿ ಸಾಮಾನ್ಯ ಸಿಪಾಯಿ ಏನು ಕಂಡ, ಏನು ಅನುಭವಿಸಿದ ಎಂದು ಕೇಳುವುದನ್ನು ಕಲಿಸಿದವರು ಕೀಗನ್. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ದಾಖಲೆ ಕೊಠಡಿಗಳ ಬಾಗಿಲು ಸ್ವಲ್ಪ ಕಾಲ ತೆರೆದಿತ್ತಲ್ಲ, ಆಗ ಬೀವರ್ ಒಳಗೆ ಹೋಗಿ ಕೂತರು. ಸಿಪಾಯಿಗಳ ಕಾಗದ, ಸೆರೆಯಾದವರ ಹೇಳಿಕೆ, ಸೋವಿಯತ್ ಸೈನ್ಯದೊಳಗಿನ ಪಕ್ಷದ ಅಧಿಕಾರಿಗಳ ವರದಿ ಎಲ್ಲ ಅಲ್ಲಿಂದ ಬಂದವು.

ನನ್ನನ್ನು ಹಿಡಿದು ಕೂರಿಸಿದ್ದು ವಿಮಾನದಲ್ಲಿ ಸಾಮಾನು ಸಾಗಿಸಿದ ಕತೆ. 1942ರ ನವೆಂಬರ್ 19ರಂದು ಶುರುವಾದ ರಷ್ಯನ್ನರ ದಾಳಿ ನಾಲ್ಕೈದು ದಿನದಲ್ಲೇ ಜರ್ಮನಿಯ 6ನೇ ಸೈನ್ಯವನ್ನು ಸುತ್ತುವರಿಯಿತು. ಒಳಗೆ ಸಿಕ್ಕಿಕೊಂಡವರು ಎರಡೂವರೆ ಲಕ್ಷಕ್ಕೂ ಜಾಸ್ತಿ. ದಿನಕ್ಕೆ 500 ಟನ್ ಸಾಮಾನು ವಿಮಾನದಲ್ಲಿ ತಲುಪಿಸುತ್ತೇವೆ ಎಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ಈಗ ಲೆಕ್ಕ ಹಾಕಿ. ಮೂರು ಎಂಜಿನ್‌ನ ಯೂಂಕರ್ಸ್ 52 ವಿಮಾನ ಒಂದು ಸಲಕ್ಕೆ ಹೊತ್ತು ತರುವುದು ಎರಡು ಟನ್ ಚಿಲ್ಲರೆ. ಅಂದರೆ ಹಿಮ ಸುರಿಯುವ ಮೈದಾನದಲ್ಲಿ ದಿನಾ ಇನ್ನೂರಕ್ಕೂ ಹೆಚ್ಚು ಸಲ ವಿಮಾನ ಇಳಿಯಬೇಕು, ಖಾಲಿ ಮಾಡಬೇಕು, ಗಾಯಾಳುಗಳನ್ನು ತುಂಬಿಕೊಂಡು ಮತ್ತೆ ಹಾರಬೇಕು. ಕಾಗದದ ಮೇಲೆ ನೂರು ವಿಮಾನ ಇದ್ದರೆ ಬೆಳಿಗ್ಗೆ ಹಾರಲು ರೆಡಿ ಇರುವುದು ನೂರಲ್ಲ. ಹ್ಯಾಂಗರ್‌ನಲ್ಲಿ ಕೈ ಮಸಿ ಮಾಡಿಕೊಂಡ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಲ್ಲಿದ್ದ ವಾಯುಪಡೆಯ ಅಧಿಕಾರಿಗಳೂ ಇದು ಆಗುವ ಕೆಲಸವಲ್ಲ ಎಂದೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 500 ಟನ್ ಒಂದು ದಿನವೂ ಮುಟ್ಟಲಿಲ್ಲ. ಎಷ್ಟೋ ದಿನ ನೂರು ಟನ್ನೂ ಇಲ್ಲ. ಕೊನೆಗೆ ಜರ್ಮನ್ನರು ಕಳೆದುಕೊಂಡದ್ದು ಸುಮಾರು 490 ವಿಮಾನ.

ಈ 500 ಎಂಬ ಸಂಖ್ಯೆ ಸಿಪಾಯಿಯ ಹೊಟ್ಟೆಗೆ ಹೇಗೆ ತಟ್ಟಿತು ಎಂಬುದನ್ನೂ ಬೀವರ್ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಗುಂಡೇಟಿಲ್ಲದೆ, ರೋಗವೂ ಗೊತ್ತಾಗದೆ ಸಿಪಾಯಿಗಳು ಸಾಯತೊಡಗಿದರು. ಕಾರಣ ಹುಡುಕಲು ಸುತ್ತುವರಿದ ಜಾಗದೊಳಕ್ಕೆ ಒಬ್ಬ ಡಾಕ್ಟರನ್ನು ವಿಮಾನದಲ್ಲಿ ಕಳಿಸಿದರು. ಹೆಣಗಳು ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದವು. ಮೊದಲು ಅವನ್ನು ಬಿಸಿ ಮಾಡಿ ಕರಗಿಸಬೇಕು, ಆಮೇಲೆ ಕೊಯ್ಯಬೇಕು. ಚರ್ಮದ ಕೆಳಗೆ ಕೊಬ್ಬಿನ ಪಸೆಯೇ ಇರಲಿಲ್ಲ. ಹಸಿವು ಮತ್ತು ಚಳಿ, ಅದೇ ಕಾರಣ. ಆ ಪುಟಗಳನ್ನು ಓದಿ ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ. ಸೆರೆಯಾದ ಸುಮಾರು 91,000 ಜನರಲ್ಲಿ ತಿರುಗಿ ಊರು ಕಂಡವರು ಐದಾರು ಸಾವಿರ.

ರಷ್ಯನ್ನರ ಕಡೆಯದೂ ಅಷ್ಟೇ ಗಟ್ಟಿಯಾಗಿದೆ. ಸುತ್ತುವರಿಯುವುದಕ್ಕೂ ಮೊದಲು, 1942ರ ಆಗಸ್ಟ್ 23ರಂದು, ಜರ್ಮನ್ ಟ್ಯಾಂಕ್‌ಗಳು ಊರ ಅಂಚಿಗೆ ಬಂದಾಗ ಎದುರಿಗಿದ್ದದ್ದು ವಿಮಾನ ಹೊಡೆಯುವ ತೋಪುಗಳು. ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಆಗತಾನೇ ಸ್ಕೂಲು ಮುಗಿಸಿದ ಹುಡುಗಿಯರು. ತೋಪಿನ ಮೂತಿ ಕೆಳಗಿಳಿಸಿ ಟ್ಯಾಂಕ್‌ಗಳ ಮೇಲೆ ಹೊಡೆದರು. 37 ತೋಪಿನ ನೆಲೆಗಳೂ ನಾಶವಾಗುವ ತನಕ ಜಾಗ ಬಿಡಲಿಲ್ಲ.

ಕುಂದುಗಳೂ ಇವೆ. ಡಿವಿಷನ್, ಆರ್ಮಿ ಎಂಬ ಸೈನ್ಯದ ವಿಭಾಗಗಳ ನಂಬರ್‌ಗಳು ಜಾಸ್ತಿ. ಜರ್ಮನ್ 16ನೆಯದೋ ರಷ್ಯನ್ 62ನೆಯದೋ ಎಂದು ಪುಟ ತಿರುವಿ ನೋಡಬೇಕಾಗುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೆ ಸಲೀಸು.

2002ರ 'ಬರ್ಲಿನ್' ಎರಡನೆಯದಾಗಿ ಓದಿ. 1945ರಲ್ಲಿ ಗೆದ್ದು ಬಂದ ಕೆಂಪು ಸೈನ್ಯ, ಅಂದರೆ ಸೋವಿಯತ್ ಸೈನ್ಯ, ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಲಂಡನ್ನಿನಲ್ಲಿದ್ದ ರಷ್ಯಾದ ರಾಯಭಾರಿ ಇದನ್ನು ಸುಳ್ಳು ಎಂದು ಪ್ರತಿಭಟಿಸಿದರು. ಓದಲು ಕಷ್ಟ, ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ. ಆದರೆ ಬರೆಯಲೇಬೇಕಿದ್ದ ಮಾತು ಅದು. 2018ರ 'ಆರ್ನ್‌ಹೆಮ್' ಚೆನ್ನಾಗಿದೆ. 1944ರಲ್ಲಿ ಹಾಲೆಂಡಿನ ಆ ಊರಿನ ಬಳಿ, ಮಾತು ದಾಟಿಸದ ವೈರ್‌ಲೆಸ್ ಸೆಟ್‌ಗಳನ್ನು ನಂಬಿ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದ ಬ್ರಿಟಿಷ್ ಸಿಪಾಯಿಗಳ ಪಾಡು ಅದರಲ್ಲಿದೆ. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸ್ ಕರಾವಳಿಗೆ ಇಳಿದ ಕತೆ 'ಡಿ-ಡೇ' ನನಗೆ ಅಷ್ಟು ಹಿಡಿಸಲಿಲ್ಲ.

2012ರಲ್ಲಿ ಬಂದ ಇಡೀ ಎರಡನೇ ಮಹಾಯುದ್ಧದ ದಪ್ಪ ಪುಸ್ತಕದ ಬಗ್ಗೆ ನನ್ನದೊಂದು ತಕರಾರಿದೆ. ಭಾರತದ ಸೈನ್ಯ ಆ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷ ಮುಟ್ಟಿತ್ತು. ಜಪಾನಿಯರನ್ನು ತಡೆದ ಇಂಫಾಲ, ಕೊಹಿಮಾ ಕದನಗಳು ಪುಸ್ತಕದಲ್ಲಿ ಬರುತ್ತವೆ, ಬೇಗ ದಾಟಿ ಹೋಗುತ್ತವೆ. 1940ರಲ್ಲಿ ಶುರುವಾದ ನಮ್ಮ ಕಾರ್ಖಾನೆಯೇ ಯುದ್ಧದ ನಡುವೆ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಡಿಪೋ ಆಗಿತ್ತು. ಡಕೋಟ, ಕ್ಯಾಟಲೀನಾ ಎಲ್ಲ ಇಲ್ಲಿಗೆ ಬಂದು ಗುಣವಾಗಿ ಹೋಗಿವೆ. ವೋಲ್ಗಾ ದಡದ ಸಿಪಾಯಿಯ ಬ್ರೆಡ್ಡನ್ನು ತೂಗಿ ನೋಡಿದ ಕಣ್ಣು ಅಸ್ಸಾಂ, ಬರ್ಮಾ ಕಡೆಗೂ ಅಷ್ಟೇ ಹೊತ್ತು ನಿಂತಿದ್ದರೆ ಎಂದು ಆಸೆಯಾಗುತ್ತದೆ. ನಮ್ಮವರು ಯಾರಾದರೂ ಕನ್ನಡದಲ್ಲೇ ಇದನ್ನು ಬರೆಯಬೇಕು. ಆ ಕಾಲದ ಕೆಲಸಗಾರರ ಮನೆಗಳಲ್ಲಿ ಹಳೆ ಫೋಟೊ, ಸರ್ಟಿಫಿಕೇಟು ಇನ್ನೂ ಇದ್ದಾವು.

ಇಂಗ್ಲಿಷ್ ಸರಳ, ಹೆದರಬೇಕಿಲ್ಲ. ಫುಟ್‌ಪಾತ್ ಮೇಲೆ ಸಿಗುವ ಕಳ್ಳ ಪ್ರತಿ ಮಾತ್ರ ಬೇಡ. ಗೆಳೆಯರೊಬ್ಬರ ಪ್ರತಿಯಲ್ಲಿ ಫೋಟೊಗಳು ಬರೀ ಕಪ್ಪು ಮಚ್ಚೆ, ನಕ್ಷೆಯಲ್ಲಿ ಒಂದು ಹೆಸರೂ ಕಾಣುವುದಿಲ್ಲ. ಹೊಸದು ದುಬಾರಿ ಎನಿಸಿದರೆ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ದುಡ್ಡು ಕೊಡುವ ಮೊದಲು ನಕ್ಷೆಯ ಪುಟ ತೆಗೆದು, ಸಣ್ಣ ಅಕ್ಷರ ಓದಲು ಬರುತ್ತದಾ ನೋಡಿಕೊಳ್ಳಿ.